ಹಲಸಿನ ಕೊಡ, ಸೋರೆಯ ಬುರುಡೆ

ಸಂಡೂರಿನ ಗುಡ್ಡಸಾಲು ಇಳಿದು ಹಂಪೆಗೆ ಹೋದವರು ವಿಠ್ಠಲ ದೇಗುಲದ ನಾದಕಂಬಗಳ ಮುಂದೆ ನಿಲ್ಲುತ್ತಾರೆ. ಕಲ್ಲು ಉಳಿಯಿತು, ಆ ನಗರದಲ್ಲಿ ನುಡಿದ ವೀಣೆಯನ್ನು ಅರಿಯಲು ಗ್ರಂಥಕ್ಕೇ ಮೊರೆಹೋಗಬೇಕು. ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯು ತಂತಿಯಿಂದ ತಾನಾಗಿ ಹೊಮ್ಮುವ ಸ್ವಯಂಭೂ ಸ್ವರವನ್ನು ಆಧರಿಸಿ ವೀಣೆಯ ಮೆಟ್ಟುಗಳನ್ನು ನಿರ್ಣಯಿಸುತ್ತದೆ. ಅಲ್ಲಿ ಪ್ರಮಾಣವಾದುದು ಕಿವಿ.

ತಂಬೂರಿ ಕೊಳ್ಳುವ ನಾವಾದರೋ ಮೊದಲು ಕುಸುರಿಗೆ ಮರುಳಾಗುತ್ತೇವೆ! ತಗ್ಗು ಶ್ರುತಿಯ ಗಂಡುದನಿಗೆ ನೀಳ ದಂಡಿ, ದೊಡ್ಡ ಕೊಡ ಬೇಕು. ಏರುಶ್ರುತಿಯ ಹೆಣ್ಣುದನಿಗೆ ಚಿಕ್ಕದು ಸಾಕು. ದಕ್ಷಿಣದವರು ಕೊಡವನ್ನು ಹಲಸಿನ ಮರದಲ್ಲಿ ಕೊರೆದರು. ಮೀರಜಿನ ಕುಶಲಿಗಳು ಒಣಗಿಸಿದ ಸೋರೆಯ ಬುರುಡೆಯನ್ನು ನೆಚ್ಚಿದರು. ಎರಡು ಸಂಗೀತ ಪದ್ಧತಿಗಳೂ ಕೇಳಿಬರುವ ನಮ್ಮ ಸೀಮೆಯವರು ಎರಡನ್ನೂ ಶ್ರುತಿಗೇರಿಸಿ ಕೇಳಿಯೇ ಆರಿಸಬೇಕು. ನನಗೆ ಬುರುಡೆಯ ಗುಂಗು ಹೆಚ್ಚು ಪ್ರಿಯ. ಆದರೆ ಊರೂರು ತಿರುಗುವ ಗಾಯಕನಿಗೆ ಹಲಸೇ ಲೇಸು. ಬಸ್ಸಿನ ಒಂದು ಕುಲುಕಿಗೆ ಬುರುಡೆ ಬಿರಿದೀತು.