ಕೋಟೆಯ ಚರ್ಚು ಮತ್ತು ಪುಸ್ತಕದ ಒಂದು ಸಾಲು



ಮಡಿಕೇರಿ ಕೋಟೆಯೊಳಗಿನ ವಸ್ತುಸಂಗ್ರಹಾಲಯಕ್ಕೆ ನಾನು ಮಕ್ಕಳನ್ನು ಕರೆದೊಯ್ದ ಸಲಗಳಿಗೆ ಲೆಕ್ಕವಿಲ್ಲ. ಹಳೆಯ ವಿಗ್ರಹಗಳ, ಆಯುಧಗಳ ಮುಂದೆ ನಿಂತು ಟಿಪ್ಪಣಿ ಬರೆದುಕೊಂಡವರು ನಿಮ್ಮಲ್ಲೇ ಅನೇಕರಿದ್ದೀರಿ. ಆ ಕಟ್ಟಡ ಮೊದಲು ಚರ್ಚಾಗಿತ್ತೆಂದು ಒಂದೇ ವಾಕ್ಯದಲ್ಲಿ ಹೇಳಿ ನಾನು ಮುಂದಕ್ಕೆ ಸಾಗುತ್ತಿದ್ದೆ. ಅಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ವಿವರಿಸಿರಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತೇನೆ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಸರ್ಕಾರವು ಕೊಡಗನ್ನು ವಶಪಡಿಸಿಕೊಂಡಿತು. ಕೋಟೆಯಲ್ಲಿ ಸೈನಿಕರೂ ಅಧಿಕಾರಿಗಳೂ ನೆಲೆಸಿದರು. 1854ರಿಂದ ಯುರೋಪಿಯನ್ನರ ಕಾಫಿ ತೋಟಗಳು ಆರಂಭವಾದವು. 1855ರಲ್ಲಿ ಕೋಟೆಯೊಳಗಿನ ವೀರಭದ್ರ ದೇವಾಲಯವನ್ನು ತೆಗೆಸಿ, ಅಲ್ಲಿ ಸಂತ ಮಾರ್ಕನ ಹೆಸರಿನ ಆಂಗ್ಲಿಕನ್ ಚರ್ಚನ್ನು ಕಟ್ಟಲಾಯಿತು. ಅದು ಪೂರ್ಣಗೊಂಡದ್ದು 1859ರಲ್ಲಿ. ಒಂದು ಗುಡಿಯನ್ನು ತೆಗೆದು ಎದ್ದ ಚರ್ಚು ಅದೆಂಬ ಸಂಗತಿಯನ್ನು ಮುಚ್ಚಿಟ್ಟು ಇತಿಹಾಸ ಹೇಳಲಾಗದು.

ಚರ್ಚು ಏಳುವ ಮೊದಲೇ ಕೊಡಗಿನ ಒಂದು ಪ್ರಸಿದ್ಧ ದೀಕ್ಷಾಸ್ನಾನ ದೂರದ ಇಂಗ್ಲೆಂಡಿನಲ್ಲಿ ನಡೆದಿತ್ತು. ಪದಚ್ಯುತ ಅರಸನ ಮಗಳು ಗೌರಮ್ಮನಿಗೆ 1852ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ದೀಕ್ಷೆ ನೀಡಿದರು. ವಿಕ್ಟೋರಿಯ ರಾಣಿಯೇ ಧರ್ಮತಾಯಿಯಾಗಿ ತನ್ನ ಹೆಸರನ್ನೂ ಕೊಟ್ಟಳು. ಅಂದಿನಿಂದ ಆಕೆ ವಿಕ್ಟೋರಿಯ ಗೌರಮ್ಮ. 1860ರಲ್ಲಿ ಜಾನ್ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ವರಿಸಿ, ಒಂದು ಹೆಣ್ಣುಮಗುವಿನ ತಾಯಿಯಾಗಿ, 1864ರಲ್ಲಿ ಕಣ್ಮುಚ್ಚಿದಳು. ಭಾರತವನ್ನು ಆಕೆ ಮತ್ತೆ ಕಾಣಲಿಲ್ಲ.

ರಾಜಕುಮಾರಿಗಾಗಲಿ, ಸಾಮಾನ್ಯ ಸಿಪಾಯಿಯ ಮಗುವಿಗಾಗಲಿ ಆಂಗ್ಲಿಕನ್ ಚರ್ಚಿನ ವಿಧಿ ಒಂದೇ. 1662ರ ಪ್ರಾರ್ಥನಾ ಪುಸ್ತಕದ ಪ್ರಕಾರ ಗಂಡುಮಗುವಿಗೆ ಇಬ್ಬರು ಧರ್ಮತಂದೆಯರೂ ಒಬ್ಬ ಧರ್ಮತಾಯಿಯೂ ಇರಬೇಕು. ಹೆಣ್ಣುಮಗುವಿಗೆ ಇಬ್ಬರು ತಾಯಂದಿರು, ಒಬ್ಬ ತಂದೆ. ಮಗುವಿನ ಪರವಾಗಿ ಇವರೇ ವಾಗ್ದಾನ ಮಾಡುವರು. ಬೆಳೆದ ಮೇಲೆ ಮಗು ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದಶಾಜ್ಞೆಗಳನ್ನು ಕಲಿತು, ಆ ವಾಗ್ದಾನವನ್ನು ತನ್ನದೇ ಬಾಯಿಂದ ಸ್ಥಿರಪಡಿಸಬೇಕು. ಇದು ದೃಢೀಕರಣ. ಇದನ್ನು ನೆರವೇರಿಸುವ ಅಧಿಕಾರ ಬಿಷಪರಿಗೆ ಮಾತ್ರ. ಆದುದರಿಂದ ಸ್ಥಳೀಯ ಪಾದ್ರಿ ಮಕ್ಕಳಿಗೆ ಪಾಠ ಹೇಳಿ ಸಿದ್ಧಗೊಳಿಸಿದರೂ ಬಿಷಪರ ಆಗಮನಕ್ಕಾಗಿ ಕಾಯಬೇಕಿತ್ತು. ಗಾಡಿಗಳಲ್ಲಿ ಘಟ್ಟ ಹತ್ತಬೇಕಾಗಿದ್ದ ಆ ಕಾಲವನ್ನು ಊಹಿಸಿಕೊಳ್ಳಿ!

ಮದುವೆಗೆ ಮೂರು ಭಾನುವಾರ ಆರಾಧನೆಯ ನಡುವೆ ವಧೂವರರ ಹೆಸರನ್ನು ಓದಿ, ಆಕ್ಷೇಪವಿದ್ದವರು ತಿಳಿಸಬಹುದೆಂದು ಪ್ರಕಟಿಸುತ್ತಿದ್ದರು. ಇಬ್ಬರೂ ಬೇರೆ ಬೇರೆ ಸಭೆಗಳವರಾದರೆ ಎರಡು ಕಡೆಯೂ ಪ್ರಕಟಣೆಯಾಗಬೇಕು. 1872ರ ಕ್ರೈಸ್ತ ವಿವಾಹ ಕಾಯಿದೆ ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ಮದುವೆ ನಡೆಯಬೇಕೆಂದು ವಿಧಿಸಿತು. ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿಗಳು ವಿವಾಹ ದಾಖಲೆಗಳ ಪ್ರತಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಮೇಲಿನ ಕಚೇರಿಗೆ ಕಳುಹಿಸಬೇಕೆಂದೂ ಅದರಲ್ಲಿದೆ. ಮದ್ರಾಸ್ ಪ್ರಾಂತ್ಯದ ಚರ್ಚುಗಳಿಂದ ಲಂಡನ್ನಿಗೆ ಹೋದ ಇಂತಹ ಪ್ರತಿಗಳು 1698ರಿಂದ ಮೊದಲ್ಗೊಂಡು ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಇಷ್ಟನ್ನು ಬರೆಯಲು ಕಾರಣ ನನ್ನದೇ ಒಂದು ತಪ್ಪು. ಸುಮಾರು ಮೂವತ್ತು ವರ್ಷಗಳ ಹಿಂದೆ, ತೋಟದ ಲೈನಿನಲ್ಲಿ ವಾಸವಾಗಿದ್ದ ಒಬ್ಬ ತಾಯಿ ನನ್ನ ಬಳಿ ಬಂದರು. ಅವರ ಮಗಳು ಎಂಟನೆಯ ತರಗತಿಯಲ್ಲಿದ್ದಳು. “ಸಾರ್, ಇದನ್ನ ಸ್ವಲ್ಪ ನೋಡಿ” ಎಂದು ಚರ್ಚಿನ ದೀಕ್ಷಾಸ್ನಾನ ಪತ್ರವನ್ನು ಕೊಟ್ಟರು. ನಮ್ಮ ದಾಖಲಾತಿ ಪುಸ್ತಕದಲ್ಲಿದ್ದ ಜನ್ಮದಿನಾಂಕಕ್ಕಿಂತ ಐದು ತಿಂಗಳು ಮೊದಲೇ ಮಗುವಿಗೆ ದೀಕ್ಷೆಯಾಗಿತ್ತು! “ಹುಟ್ಟುವ ಮೊದಲೇ ದೀಕ್ಷಾಸ್ನಾನವೇನಮ್ಮ?” ಎಂದು ನಾನು ನಕ್ಕುಬಿಟ್ಟೆ. ಆ ಪತ್ರವನ್ನು ಮುಖ್ಯೋಪಾಧ್ಯಾಯರ ಮುಂದಿಡಬೇಕಾದದ್ದು ನನ್ನ ಕರ್ತವ್ಯವಾಗಿತ್ತು. ಇಡಲಿಲ್ಲ. ತಪ್ಪು ದಿನಾಂಕವೇ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೂ ಹೋಯಿತು. ನರ್ಸಿಂಗ್ ತರಬೇತಿಗೆ ವಯಸ್ಸು ಸಾಲದೆಂದು ಆ ಹುಡುಗಿ ಒಂದು ವರ್ಷ ತೋಟದಲ್ಲೇ ಕೂಲಿಗೆ ಹೋಗಬೇಕಾಯಿತು. ಮುಂದೆ ಆಕೆ ನರ್ಸ್ ಆದಳು. ಸಿಕ್ಕಾಗಲೆಲ್ಲ ನಗುತ್ತಲೇ ಮಾತನಾಡಿಸುತ್ತಾಳೆ. ನನಗೆ ಮಾತ್ರ ಆ ನಗು ಚುಚ್ಚುತ್ತದೆ.

ಪಾದ್ರಿಯ ಪುಸ್ತಕ ನಿಜ ಹೇಳುತ್ತಿತ್ತು, ಮೇಷ್ಟರ ಪುಸ್ತಕ ತಪ್ಪಾಗಿತ್ತು. ಆ ಸಾಲನ್ನು ಬರೆದವರು ಮಗುವನ್ನು ಕಣ್ಣಾರೆ ಕಂಡಿದ್ದರು. ನಾನು ಹಳೆಯ ಕಾಗದವನ್ನಷ್ಟೇ ಕಂಡಿದ್ದೆ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಆಂಗ್ಲಿಕನ್ ಸಭೆಗಳು ಇತರ ಸಭೆಗಳೊಡನೆ ಸೇರಿ ಸಿ.ಎಸ್.ಐ. ಆಯಿತು. ಕೋಟೆಯ ಚರ್ಚಿನಲ್ಲಿ ಆರಾಧನೆ ನಿಂತು, ಕಟ್ಟಡ ಪುರಾತತ್ವ ಇಲಾಖೆಗೆ ಸೇರಿತು. ಗುಡಿ ಹೋಗಿ ಚರ್ಚಾಯಿತು, ಚರ್ಚು ಹೋಗಿ ಸಂಗ್ರಹಾಲಯವಾಯಿತು. ಅಲ್ಲಿ ಹೆಸರು ಪಡೆದವರೂ ಕೈಹಿಡಿದವರೂ ಈಗಿಲ್ಲ. ಉಳಿಯುವುದೇನಿದ್ದರೂ ಪುಸ್ತಕದ ಒಂದೊಂದು ಸಾಲು.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರು, ಗುಮಾಸ್ತರು, ಅಧಿಕಾರಿಗಳು. ಯಾರಾದರೂ ತಾಯಿ ಮಡಿಸಿದ ಕಾಗದವೊಂದನ್ನು ಹಿಡಿದು ನಿಮ್ಮ ಮೇಜಿನ ಮುಂದೆ ನಿಂತರೆ, ನಗುವ ಮೊದಲು ಅದನ್ನು ಬಿಚ್ಚಿ ಪೂರ್ತಿ ಓದಿ. ನಿಮ್ಮ ಮೇಷ್ಟರು ಮಾಡದೆ ಬಿಟ್ಟ ಕೆಲಸವದು.