ನಾನ್ಸಿಯಲ್ಲಿ ಇಳಿದ ಎಂಟು ವಿದ್ಯಾರ್ಥಿಗಳು: ಫ್ರೆಂಚ್ ಕಲಿಕೆ ಮತ್ತು ವಿದೇಶ ವ್ಯಾಸಂಗದ ಒಂದು ಶತಮಾನ

ಸಾರಾಂಶ

ಅಮೆರಿಕದಲ್ಲಿ ಫ್ರೆಂಚ್ ಕಲಿಯುವ ಪದವಿ ವಿದ್ಯಾರ್ಥಿಗಳಿಗೆ ಫ್ರಾನ್ಸಿನಲ್ಲಿ ಕಳೆಯುವ ಒಂದು ವರ್ಷವು ಪಠ್ಯಕ್ರಮದ ಅಂಗವಾದದ್ದು 1923ರಲ್ಲಿ. ಅಲ್ಲಿಂದ ಮೊದಲ್ಗೊಂಡು ಇಂದಿನವರೆಗೆ ಈ ವ್ಯವಸ್ಥೆ ಬೆಳೆದ ಬಗೆಯನ್ನು ಈ ಲೇಖನದಲ್ಲಿ ಪರಿಶೀಲಿಸಿದ್ದೇವೆ. ಭಾಷೆಯ ನಾಡಿಗೆ ಹೋಗುವುದೂ ಭಾಷೆಯೊಳಕ್ಕೆ ಹೋಗುವುದೂ ಒಂದೇ ಅಲ್ಲವೆಂಬುದನ್ನು ಆರಂಭಕಾಲದ ಯೋಜಕರ ಏರ್ಪಾಡುಗಳು ಸೂಚಿಸುತ್ತವೆ. ಅದೇ ಮಾತನ್ನು ಸಂಶೋಧನೆಯು ಅಳೆದು ಹೇಳಿದ್ದು ಬಹಳ ತಡವಾಗಿ. ಹೊಸ ವಿದೇಶ ವ್ಯಾಸಂಗದ ಆಯ್ಕೆಯೊಂದನ್ನು ಸೇರಿಸುವಾಗ ಕೇಳಬೇಕಾದ ಪ್ರಶ್ನೆಗಳು ಈ ಚರಿತ್ರೆಯಿಂದಲೇ ಹುಟ್ಟುತ್ತವೆ ಎಂಬುದು ನಮ್ಮ ವಾದ.

ಕೀಲಿಪದಗಳು: ವಿದೇಶ ವ್ಯಾಸಂಗ, ಫ್ರೆಂಚ್ ಬೋಧನೆ, ದ್ವಿತೀಯ ಭಾಷಾ ಕಲಿಕೆ, ನಿರರ್ಗಳತೆ, ಭಾಷಾಪ್ರಭೇದ

1. ಪ್ರಸ್ತಾವನೆ

ಫ್ರೆಂಚ್ ವಿಭಾಗವೊಂದು ತನ್ನ ವಿದ್ಯಾರ್ಥಿಗಳಿಗಾಗಿ ಹೊಸ ವಿದೇಶ ವ್ಯಾಸಂಗದ ಆಯ್ಕೆಯನ್ನು ಪ್ರಕಟಿಸುವಾಗ ಸಾಮಾನ್ಯವಾಗಿ ಮೊದಲು ಹೇಳುವುದು ಊರಿನ ಹೆಸರನ್ನು. ಪ್ಯಾರಿಸ್, ಲಿಯೋನ್, ಕೆಬೆಕ್, ಡಕಾರ್ ಎಂಬ ಹೆಸರುಗಳೇ ಒಂದು ಭರವಸೆಯಂತೆ ಕೇಳುತ್ತವೆ. ಭಾಷೆ ಬಳಕೆಯಲ್ಲಿರುವ ಊರಿನಲ್ಲಿ ನೆಲೆಸಿದರೆ ಭಾಷೆ ತಾನಾಗಿ ಬರುತ್ತದೆಂಬ ನಂಬಿಕೆ ಆ ಭರವಸೆಯ ತಳಹದಿ. ಈ ನಂಬಿಕೆಗೆ ವಿದ್ಯಾರ್ಥಿಗಳೂ ಅವರ ಮನೆಯವರೂ ದೊಡ್ಡ ಬೆಲೆ ತೆರುತ್ತಾರೆ. ಆದ್ದರಿಂದ ಅದು ಎಷ್ಟರಮಟ್ಟಿಗೆ ನಿಜವೆಂದು ಕೇಳುವುದು ಶಾಸ್ತ್ರದ ಕುತೂಹಲಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

2. ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ಉನ್ನತ ವ್ಯಾಸಂಗಕ್ಕಾಗಿ ಯುರೋಪಿಗೆ ಹೋಗುತ್ತಿದ್ದ ಅಮೆರಿಕನ್ನರನ್ನು ಹೆಚ್ಚಾಗಿ ಸೆಳೆದದ್ದು ಜರ್ಮನ್ ವಿಶ್ವವಿದ್ಯಾಲಯಗಳು. ವಿದೇಶೀಯರನ್ನು ತನ್ನತ್ತ ಸೆಳೆಯಬೇಕೆಂಬ ಪ್ರಯತ್ನ ಫ್ರಾನ್ಸಿನಲ್ಲಿ ಆ ಶತಮಾನದ ಕೊನೆಯ ದಶಕಗಳಲ್ಲಿ ಬಲಗೊಂಡಿತು. 1883ರಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಸ್ಥಾಪನೆಯಾಯಿತು. 1897ರಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಸುಲಭವಾಗಿ ಎಟಕುವಂಥ ವಿಶ್ವವಿದ್ಯಾಲಯ ಡಾಕ್ಟರೇಟ್ ಪದವಿ ಜಾರಿಗೆ ಬಂದಿತು.

ಒಂದನೆಯ ಮಹಾಯುದ್ಧವು ಈ ಸಮತೋಲವನ್ನು ಪೂರ್ತಿಯಾಗಿ ಬದಲಿಸಿತು. ಅಮೆರಿಕದ ಶಾಲೆಗಳಲ್ಲಿ ಜರ್ಮನ್ ಕಲಿಕೆ ಕುಸಿದು ಫ್ರೆಂಚ್ ಕಲಿಕೆ ಏರಿತು. 1919ರಲ್ಲಿ, ಯುದ್ಧ ಮುಗಿದು ತಾಯ್ನಾಡಿನ ಹಡಗಿಗಾಗಿ ಕಾಯುತ್ತಿದ್ದ ಸಾವಿರಾರು ಅಮೆರಿಕನ್ ಸೈನಿಕರು ಫ್ರೆಂಚ್ ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಕುಳಿತರು. ಅದೇ ವರ್ಷ ಸೊರ್ಬಾನ್‌ನಲ್ಲಿ ವಿದೇಶೀಯರಿಗಾಗಿ ಫ್ರೆಂಚ್ ನಾಗರಿಕತೆಯ ಪಾಠಗಳು ಆರಂಭವಾದವು. ಅಮೆರಿಕದಲ್ಲಿ ಅಂತರರಾಷ್ಟ್ರೀಯ ಶಿಕ್ಷಣ ಸಂಸ್ಥೆ ತಲೆಯೆತ್ತಿತು. ವಿದ್ಯಾರ್ಥಿಯನ್ನು ಸಾಗರದಾಚೆಗೆ ಕಳುಹಿಸಬಹುದೆಂಬ ಕಲ್ಪನೆಗೆ ಬೇಕಾದ ಸಾಮಗ್ರಿಯೆಲ್ಲ ಹೀಗೆ ಒದಗಿತ್ತು. ಆದರೆ ಆ ಒಂದು ವರ್ಷವನ್ನು ಪದವಿಯ ಲೆಕ್ಕಕ್ಕೆ ಸೇರಿಸುವ ಏರ್ಪಾಡು ಮಾತ್ರ ಇನ್ನೂ ಆಗಿರಲಿಲ್ಲ.

3. ಡೆಲವೇರ್ ಪ್ರಯೋಗ

ಆ ಏರ್ಪಾಡನ್ನು ಸೂಚಿಸಿದವರು ಡೆಲವೇರ್ ವಿಶ್ವವಿದ್ಯಾಲಯದ ಭಾಷಾ ಅಧ್ಯಾಪಕ ರೇಮಂಡ್ ಕರ್ಕ್‌ಬ್ರೈಡ್. ಯುದ್ಧಕಾಲದಲ್ಲಿ ಫ್ರಾನ್ಸಿನಲ್ಲಿ ಸೇವೆ ಸಲ್ಲಿಸಿದ್ದ ಅವರು, ನಾಲ್ಕು ವರ್ಷದ ಪದವಿಯ ಮೂರನೆಯ ವರ್ಷವನ್ನು ವಿದ್ಯಾರ್ಥಿಗಳು ಫ್ರಾನ್ಸಿನಲ್ಲಿ ಕಳೆಯಬೇಕು, ಅಲ್ಲಿಯ ಓದು ಇಲ್ಲಿಯ ಪದವಿಗೆ ಸಲ್ಲಬೇಕು ಎಂದು 1921ರಲ್ಲಿ ಅಧ್ಯಕ್ಷ ವಾಲ್ಟರ್ ಹಲಿಹೆನ್ ಅವರ ಮುಂದೆ ಪ್ರಸ್ತಾಪಿಸಿದರು. ವಿಶ್ವವಿದ್ಯಾಲಯದ ನಿಧಿಯಿಂದ ಹಣ ದೊರೆಯಲಿಲ್ಲ. ಹಲಿಹೆನ್ ಖಾಸಗಿ ದಾನಿಗಳ ಬಳಿಗೆ ಹೋದರು. ಉದ್ಯಮಿ ಪಿಯೆರ್ ಡು ಪಾಂಟ್ ನೆರವಾದರು. ಅಂದು ವಾಣಿಜ್ಯ ಸಚಿವರಾಗಿದ್ದ ಹರ್ಬರ್ಟ್ ಹೂವರ್ ಬೆಂಬಲ ಸೂಚಿಸಿದರು. ಭಾಷಾ ಶಿಕ್ಷಕರನ್ನು ರೂಪಿಸುವುದರ ಜೊತೆಗೆ ವಿದೇಶ ವ್ಯಾಪಾರಕ್ಕೆ ತಕ್ಕವರನ್ನು ಸಿದ್ಧಪಡಿಸುವುದೂ ಯೋಜನೆಯ ಉದ್ದೇಶವಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ವಿದೇಶ ವ್ಯಾಸಂಗವೆಂಬುದು ಕೇವಲ ಸಾಹಿತ್ಯಾಭಿರುಚಿಯ ಕೂಸಾಗಿರಲಿಲ್ಲ.

1923ರ ಜುಲೈನಲ್ಲಿ ಕರ್ಕ್‌ಬ್ರೈಡ್ ಎಂಟು ವಿದ್ಯಾರ್ಥಿಗಳೊಡನೆ ನ್ಯೂಯಾರ್ಕಿನಿಂದ 'ರೊಶಾಂಬೊ' ಹಡಗನ್ನು ಏರಿದರು. ಆ ಎಂಟು ಮಂದಿ ನೇರವಾಗಿ ಸೊರ್ಬಾನ್‌ಗೆ ಹೋಗಲಿಲ್ಲ. ಮೊದಲು ಹೋದದ್ದು ಲೊರೇನ್ ಪ್ರಾಂತದ ನಾನ್ಸಿ ನಗರಕ್ಕೆ. ಬೇಸಿಗೆಯನ್ನು ಅಲ್ಲಿ ಭಾಷಾಭ್ಯಾಸದಲ್ಲಿ ಕಳೆದು ಶರತ್ಕಾಲದಲ್ಲಿ ಪ್ಯಾರಿಸ್ ಸೇರಿದರು. ವಾಸಕ್ಕೆ ಗೊತ್ತುಮಾಡಿದ್ದು ಫ್ರೆಂಚ್ ಕುಟುಂಬಗಳ ಮನೆಗಳನ್ನು.

ಈ ಎರಡು ವಿವರಗಳು ನಮಗೆ ಮುಖ್ಯವಾಗಿ ಕಾಣುತ್ತವೆ. 1920ರ ದಶಕದ ಪ್ಯಾರಿಸ್‌ನಲ್ಲಿ ಇಂಗ್ಲಿಷ್ ಮಾತಾಡುವವರದೇ ಒಂದು ವಸಾಹತು ಇತ್ತು. ಅಮೆರಿಕನ್ ವಿದ್ಯಾರ್ಥಿ ಅಲ್ಲಿ ತನ್ನ ಭಾಷೆಯಲ್ಲೇ ದಿನ ದೂಡಬಹುದಿತ್ತು. ನಾನ್ಸಿಯಂಥ ಪ್ರಾಂತೀಯ ನಗರದಲ್ಲಿ ಆ ಅನುಕೂಲ ಕಡಿಮೆ. ಊಟದ ಮೇಜಿನ ಸುತ್ತ ನಡೆಯುವ ಮಾತುಕತೆಯಿಂದ ತಪ್ಪಿಸಿಕೊಳ್ಳುವ ಅವಕಾಶ ಫ್ರೆಂಚ್ ಮನೆಯಲ್ಲಿ ಇನ್ನೂ ಕಡಿಮೆ. ಯೋಜಕರು ಸಿದ್ಧಾಂತವನ್ನೇನೂ ಮಂಡಿಸಲಿಲ್ಲ. ಆದರೆ ಕಲಿಯುವವನು ಮಾತಾಡಲೇಬೇಕಾದ ಸನ್ನಿವೇಶವನ್ನು ಅವರ ಏರ್ಪಾಡು ಕಟ್ಟಿಕೊಟ್ಟಿತೆಂದು ನಾವು ಅರ್ಥೈಸುತ್ತೇವೆ.

4. ಮಾದರಿಯ ಹರಡುವಿಕೆ

1925ರಲ್ಲಿ ಮಹಿಳೆಯರ ಸ್ಮಿತ್ ಕಾಲೇಜು ತನ್ನ ವಿದ್ಯಾರ್ಥಿನಿಯರನ್ನು ಫ್ರಾನ್ಸಿಗೆ ಕಳುಹಿಸಿತು. ಎರಡನೆಯ ಮಹಾಯುದ್ಧದಿಂದ ಈ ಪಯಣಗಳು ನಿಂತವು. 1948ರಲ್ಲಿ ಡೆಲವೇರ್ ತನ್ನ ಯೋಜನೆಯನ್ನು ಕೈಬಿಟ್ಟಾಗ ವರ್ಜೀನಿಯಾದ ಸ್ವೀಟ್ ಬ್ರಯರ್ ಕಾಲೇಜು ಅದನ್ನು ವಹಿಸಿಕೊಂಡಿತು. ಮುಂದೆ ಅಮೆರಿಕದ ಅಧ್ಯಕ್ಷರ ಪತ್ನಿಯಾದ ಜಾಕ್ಲಿನ್ ಬುವಿಯೆ 1949ರಲ್ಲಿ ಸ್ಮಿತ್ ಕಾಲೇಜಿನ ತಂಡದೊಡನೆ ಹೋದರು. ಅವರೂ ಮೊದಲು ಗ್ರೆನೋಬ್ಲ್ ನಗರದಲ್ಲಿ ಭಾಷೆಯನ್ನು ಹದಗೊಳಿಸಿಕೊಂಡು, ಬಳಿಕ ಪ್ಯಾರಿಸ್‌ನಲ್ಲಿ ಫ್ರೆಂಚ್ ಮನೆಯೊಂದರಲ್ಲಿ ನೆಲೆಸಿದರು. ಪ್ರಾಂತ ಮೊದಲು, ರಾಜಧಾನಿ ಆಮೇಲೆ ಎಂಬ ಕ್ರಮ ಕಾಲು ಶತಮಾನದ ನಂತರವೂ ಉಳಿದಿತ್ತು.

ಅದೇ ಕ್ರಮದಲ್ಲಿ 1963ರಲ್ಲಿ ಹ್ಯಾಮಿಲ್ಟನ್ ಕಾಲೇಜಿನ ಯೋಜನೆಯಡಿ ಆ್ಯಂಜೆಲಾ ಡೇವಿಸ್ ಮೊದಲು ಬಿಯಾರಿಟ್ಸ್ ಪಟ್ಟಣಕ್ಕೆ ಬಂದರು. ಆ ಸೆಪ್ಟೆಂಬರಿನಲ್ಲಿ ಅವರ ಹುಟ್ಟೂರಾದ ಬರ್ಮಿಂಗ್‌ಹ್ಯಾಮಿನ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಕಪ್ಪು ಬಾಲಕಿಯರು ಸತ್ತ ಸುದ್ದಿಯನ್ನು ಅವರು ಅಲ್ಲಿಯೇ ಪತ್ರಿಕೆಯಲ್ಲಿ ಓದಿದರು. ಸತ್ತವರು ಅವರಿಗೆ ಪರಿಚಿತರು. ಜೊತೆಗಿದ್ದ ಸಹಪಾಠಿಗಳಿಗೆ ದೂರದ ಸುದ್ದಿ. ಒಂದೇ ತಂಡದಲ್ಲಿ, ಒಂದೇ ಊರಿನಲ್ಲಿ, ಒಂದೇ ಪಠ್ಯಕ್ರಮದಡಿ ಇದ್ದವರೂ ಒಂದೇ ವಿದೇಶದಲ್ಲಿ ಇರುವುದಿಲ್ಲ. ಕಲಿಯುವವರು ಯಾರು, ಎಲ್ಲಿಂದ ಬಂದವರು ಎಂಬ ಪ್ರಶ್ನೆ ಊರಿನ ಹೆಸರಿಗಿಂತ ಹಿಂದಿನದು. ಸಂಶೋಧನೆಯು ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ಇನ್ನೂ ಹಲವು ದಶಕ ಬೇಕಾಯಿತು.

5. ಅಳತೆಯ ಕಾಲ

ವಿದೇಶ ವಾಸದ ಫಲವನ್ನು ದೊಡ್ಡ ಪ್ರಮಾಣದಲ್ಲಿ ಅಳೆದ ಆರಂಭದ ಅಧ್ಯಯನಗಳಲ್ಲಿ ಪ್ರಸಿದ್ಧವಾದದ್ದು ಜಾನ್ ಕ್ಯಾರಲ್ ಅವರು 1967ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಹಲವು ಕಾಲೇಜುಗಳಲ್ಲಿ ಫ್ರೆಂಚ್ ಮೊದಲಾದ ವಿದೇಶಿ ಭಾಷೆಗಳನ್ನು ಮುಖ್ಯ ವಿಷಯವಾಗಿ ಓದಿದ ಅಂತಿಮ ವರ್ಷದವರನ್ನು ಅದು ಪರೀಕ್ಷಿಸಿತು. ವಿದೇಶದಲ್ಲಿ ಕಳೆದ ಕಾಲಕ್ಕೂ ಭಾಷಾಸಾಮರ್ಥ್ಯಕ್ಕೂ ಗಟ್ಟಿಯಾದ ಸಂಬಂಧ ಕಂಡುಬಂತು. ವಿದೇಶ ವ್ಯಾಸಂಗದ ಪರವಾಗಿ ಈ ಫಲಿತಾಂಶವನ್ನು ಮತ್ತೆಮತ್ತೆ ಉಲ್ಲೇಖಿಸುವುದುಂಟು. ಆದರೆ ಸಂಬಂಧ ಬೇರೆ, ಕಾರಣ ಬೇರೆ. ಭಾಷೆಯಲ್ಲಿ ಮೊದಲೇ ಮುಂದಿರುವವರು, ಹಣವಿರುವವರು ಹೆಚ್ಚಾಗಿ ಹೋಗುವರಾದರೆ, ಮರಳಿ ಬಂದವರ ಮೇಲುಗೈಯಲ್ಲಿ ಊರಿನ ಪಾಲು ಎಷ್ಟೆಂದು ಹೇಳುವುದು ಕಷ್ಟ.

ಈ ತೊಡಕನ್ನು ಬಿಡಿಸುವತ್ತ ಒಂದು ಹೆಜ್ಜೆ ಇಟ್ಟದ್ದು ಬಾರ್ಬರಾ ಫ್ರೀಡ್, ನಾರ್ಮನ್ ಸೆಗಲೋವಿಟ್ಸ್ ಮತ್ತು ಡ್ಯಾನ್ ಡ್ಯೂಯಿ ಅವರ 2004ರ ಅಧ್ಯಯನ. ಫ್ರೆಂಚ್ ಕಲಿಯುತ್ತಿದ್ದ 28 ವಿದ್ಯಾರ್ಥಿಗಳನ್ನು ಅವರು ಮೂರು ಗುಂಪುಗಳಲ್ಲಿ ಹೋಲಿಸಿದರು: ಸ್ವದೇಶದ ಸಾಮಾನ್ಯ ತರಗತಿಯವರು, ಫ್ರಾನ್ಸಿಗೆ ಹೋದವರು, ಮತ್ತು ಸ್ವದೇಶದಲ್ಲೇ ಬೇಸಿಗೆಯ ತೀವ್ರ ಶಿಬಿರದಲ್ಲಿ ಫ್ರೆಂಚನ್ನೇ ಬಳಸುತ್ತಿದ್ದವರು. ಮಾತಿನ ನಿರರ್ಗಳತೆಯಲ್ಲಿ ಹೆಚ್ಚು ಮುನ್ನಡೆದದ್ದು ಶಿಬಿರದ ಗುಂಪು. ಕಾರಣ ಬಳಕೆಯ ಲೆಕ್ಕದಲ್ಲೇ ಇತ್ತು. ಶಿಬಿರದವರು ವಾರಕ್ಕೆ ಹೆಚ್ಚು ಗಂಟೆ ಫ್ರೆಂಚಿನಲ್ಲಿ ಮಾತಾಡಿದ್ದರು, ಬರೆದಿದ್ದರು. ಫ್ರಾನ್ಸಿನಲ್ಲಿದ್ದವರು ತರಗತಿಯ ಹೊರಗೆ ಫ್ರೆಂಚಿಗಿಂತ ಇಂಗ್ಲಿಷನ್ನೇ ಹೆಚ್ಚು ಬಳಸಿದ್ದರು. ಮಾದರಿ ಚಿಕ್ಕದು, ಇದೊಂದರಿಂದ ಸಾಮಾನ್ಯ ತೀರ್ಮಾನಕ್ಕೆ ಬರಲಾಗದು. ಆದರೂ ಊರೊಂದೇ ಸಾಲದೆಂದು ತೋರಿಸಲು ಇಷ್ಟು ಸಾಕು. 1923ರ ನಾನ್ಸಿಯ ಏರ್ಪಾಡು ಕಾಪಾಡಲು ಹವಣಿಸಿದ್ದು ಈ ಬಳಕೆಯ ಗಂಟೆಗಳನ್ನೇ.

ಫ್ರಾನ್ಸಿನಲ್ಲಿದ್ದ ಅಮೆರಿಕನ್ ವಿದ್ಯಾರ್ಥಿಗಳನ್ನು ಕುರಿತು ಸೆಲೆಸ್ಟ್ ಕಿಂಗಿಂಜರ್ 2008ರಲ್ಲಿ ಪ್ರಕಟಿಸಿದ ವ್ಯಕ್ತಿ ಅಧ್ಯಯನಗಳು ಇದರ ಇನ್ನೊಂದು ಮುಖವನ್ನು ತೋರಿಸುತ್ತವೆ. ಸ್ಥಳೀಯರ ಸ್ನೇಹ ದೊರೆತವರು ಬಹಳ ಬೆಳೆದರು. ತಮ್ಮ ದೇಶದವರ ಕೂಟದೊಳಗೇ ಉಳಿದವರು ಅಷ್ಟಾಗಿ ಬೆಳೆಯಲಿಲ್ಲ. ಅವಕಾಶ ಒದಗಿಬರುವುದರಲ್ಲಿ ಮನೆಯ ಏರ್ಪಾಡು, ಲಿಂಗ, ಹಿಂದಿನ ಅನುಭವ ಎಲ್ಲವೂ ಪಾಲುಗೊಂಡವು.

6. ಯಾವ ಫ್ರೆಂಚ್?

ಇಲ್ಲಿಯವರೆಗೆ 'ಎಷ್ಟು' ಎಂದು ಕೇಳಿದೆವು. 'ಯಾವುದು' ಎಂಬ ಪ್ರಶ್ನೆ ಉಳಿದಿದೆ. ತರಗತಿಯ ಫ್ರೆಂಚಿನಲ್ಲಿ ನಿಷೇಧಕ್ಕೆ ಎರಡು ಘಟಕಗಳು: 'ನ' ಮತ್ತು 'ಪಾ'. 'ನನಗೆ ಗೊತ್ತಿಲ್ಲ' ಎಂಬುದಕ್ಕೆ ಪುಸ್ತಕದ ರೂಪ 'ಜ ನ ಸೆ ಪಾ'. ಬೀದಿಯ ಮಾತಿನಲ್ಲಿ 'ನ' ಬಿದ್ದುಹೋಗಿ, ಉಳಿದದ್ದು ಕುಗ್ಗಿ 'ಶೆ ಪಾ' ಎಂದಾಗುತ್ತದೆ. ಐರ್ಲೆಂಡಿನ ಕೆಲವು ವಿದ್ಯಾರ್ಥಿಗಳ ಮಾತನ್ನು ವಿದೇಶ ವಾಸದ ಮೊದಲು ಮತ್ತು ಅನಂತರ ದಾಖಲಿಸಿದ ವೆರಾ ರೀಗನ್ (1995), ಒಂದು ವರ್ಷದ ಬಳಿಕ ಅವರಲ್ಲಿ 'ನ' ಲೋಪವು ಗಣನೀಯವಾಗಿ ಏರಿದ್ದನ್ನು ತೋರಿಸಿದರು. ಕನ್ನಡ ಓದುಗರಿಗೆ ಇದು ಅಪರಿಚಿತ ಸಂಗತಿಯಲ್ಲ. ಪುಸ್ತಕದಿಂದ 'ಹೋಗುತ್ತೇನೆ' ಎಂದು ಕಲಿತು ಬೆಂಗಳೂರಿಗೆ ಬಂದವರ ಕಿವಿಗೆ ಬೀಳುವುದು 'ಹೋಗ್ತೀನಿ', ಧಾರವಾಡದಲ್ಲಿ 'ಹೋಗ್ತೀನ್ರಿ'. ಆಡುಮಾತಿನ ಈ ಹಂಚಿಕೆಯನ್ನು, ಯಾರೊಡನೆ ಎಲ್ಲಿ ಯಾವ ರೂಪ ಸಲ್ಲುತ್ತದೆಂಬ ವಿವೇಕವನ್ನು, ವ್ಯಾಕರಣದ ಪುಟ ಕಲಿಸಲಾರದು. ವಿದೇಶ ವಾಸದ ಫಲ ಸಂದೇಹಕ್ಕೆ ಎಡೆಯಿಲ್ಲದಂತೆ ಕಾಣುವುದು ಇಂಥ ಕಡೆಗಳಲ್ಲಿ.

ಹೊಸ ಆಯ್ಕೆಗಳು ಪ್ಯಾರಿಸ್‌ನಾಚೆ ಹೋದಂತೆ ಈ ಪ್ರಶ್ನೆ ತೀಕ್ಷ್ಣವಾಗುತ್ತದೆ. ಕೆಬೆಕ್‌ನ ಉಚ್ಚಾರ, ಶಬ್ದಕೋಶಗಳು ಪ್ಯಾರಿಸ್‌ನವುಗಳಿಗಿಂತ ಬೇರೆ. ಸೆನೆಗಲ್‌ನಲ್ಲಿ ಫ್ರೆಂಚ್ ಆಡಳಿತದ ಮತ್ತು ಶಾಲೆಯ ಭಾಷೆ. ಡಕಾರ್‌ನ ಮಾರುಕಟ್ಟೆಯಲ್ಲಿ ಕೇಳುವುದು ವೊಲೊಫ್. ಅಲ್ಲಿಗೆ ಹೋಗುವ ಫ್ರೆಂಚ್ ವಿದ್ಯಾರ್ಥಿಯ ದಿನದ ಬಳಕೆಯಲ್ಲಿ ಫ್ರೆಂಚಿನ ಗಂಟೆಗಳು ಕಡಿಮೆಯಾಗಬಹುದು. ಇದನ್ನು ಕೊರತೆಯೆಂದು ಮಾತ್ರ ಎಣಿಸುವುದು ತಪ್ಪು. ವಸಾಹತು ಆಳ್ವಿಕೆಯ ಮೂಲಕ ಬಂದ ಭಾಷೆ ಬಹುಭಾಷಿಕ ಸಮಾಜವೊಂದರಲ್ಲಿ ಹೇಗೆ ನೆಲೆಸುತ್ತದೆಂಬುದನ್ನು ಪ್ಯಾರಿಸ್ ಅಷ್ಟು ನಿಚ್ಚಳವಾಗಿ ತೋರಿಸಲಾರದು. ಆದರೆ ಒಂದರ ಫಲವನ್ನು ಇನ್ನೊಂದರ ಹೆಸರಿನಲ್ಲಿ ಮಾರಬಾರದು. ನಿರರ್ಗಳತೆಯನ್ನು ಬಯಸಿ ಹೊರಟವರಿಗೆ ಈ ವ್ಯತ್ಯಾಸವನ್ನು ಮೊದಲೇ ತಿಳಿಸುವುದು ವಿಭಾಗದ ಹೊಣೆ.

7. ಸಮಾರೋಪ

ಈ ಚರಿತ್ರೆಯ ಎಳೆ ಈಗ ನಮ್ಮ ವಿದ್ಯಾರ್ಥಿಗಳನ್ನೂ ತಲುಪಿದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಮುಖ್ಯ ಅತಿಥಿಯಾಗಿ ಬಂದಿದ್ದ ಫ್ರಾನ್ಸಿನ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರೋನ್, 2030ರ ವೇಳೆಗೆ ತಮ್ಮ ದೇಶದಲ್ಲಿ 30,000 ಭಾರತೀಯ ವಿದ್ಯಾರ್ಥಿಗಳು ಇರಬೇಕೆಂಬ ಗುರಿಯನ್ನು ಸಾರಿದರು. ಫ್ರೆಂಚ್ ಬಾರದವರಿಗೆ ಮೊದಲು ಭಾಷೆಯನ್ನು ಕಲಿಸಿ ಬಳಿಕ ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳುವ 'ಅಂತರರಾಷ್ಟ್ರೀಯ ತರಗತಿ'ಗಳನ್ನೂ ಫ್ರಾನ್ಸ್ ರೂಪಿಸಿದೆ. ನಾನ್ಸಿ ಮೊದಲು, ಸೊರ್ಬಾನ್ ಆಮೇಲೆ ಎಂಬ ಹಳೆಯ ಕ್ರಮವೇ ಇಲ್ಲಿ ಬೇರೆ ರೂಪದಲ್ಲಿ ಮರಳಿದೆ. ಆದರೆ ಭಾರತೀಯರೇ ತುಂಬಿದ ತರಗತಿ, ಭಾರತೀಯರೇ ತುಂಬಿದ ವಸತಿಗೃಹ ಆ ಕ್ರಮದ ಹೊರಕವಚವನ್ನು ಉಳಿಸಿ ತಿರುಳನ್ನು ಕಳೆಯಬಲ್ಲವು.

ಆದ್ದರಿಂದ ಹೊಸ ಆಯ್ಕೆಯೊಂದನ್ನು ಸೇರಿಸುವ ಯಾವುದೇ ವಿಭಾಗವು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನಾಲ್ಕು ಸಂಗತಿಗಳನ್ನು ಲಿಖಿತವಾಗಿ ಉತ್ತರಿಸಬೇಕೆಂದು ನಾವು ಸೂಚಿಸುತ್ತೇವೆ. ವಿದ್ಯಾರ್ಥಿ ಯಾರ ಮನೆಯಲ್ಲಿ ಅಥವಾ ಯಾರ ಜೊತೆಯಲ್ಲಿ ವಾಸಿಸುತ್ತಾನೆ? ತರಗತಿಯ ಹೊರಗೆ ವಾರಕ್ಕೆ ಎಷ್ಟು ಗಂಟೆ ಗುರಿಭಾಷೆಯಲ್ಲಿ ಮಾತಾಡುವ ಅವಕಾಶವಿದೆ? ಆ ಊರಿನಲ್ಲಿ ಯಾವ ಪ್ರಭೇದ, ಬೇರೆ ಯಾವ ಭಾಷೆಗಳ ನಡುವೆ, ಬಳಕೆಯಲ್ಲಿದೆ? ಹೋಗಲಾಗದವರಿಗೆ ಸ್ವದೇಶದಲ್ಲೇ ತೀವ್ರ ಬಳಕೆಯ ಯಾವ ಏರ್ಪಾಡಿದೆ? ಕೊನೆಯ ಪ್ರಶ್ನೆಯನ್ನು ಹೆಚ್ಚುವರಿ ಔದಾರ್ಯವೆಂದು ಭಾವಿಸಬೇಕಿಲ್ಲ. ವಿಮಾನದ ಚೀಟಿ ಕೊಳ್ಳಲಾಗದ ವಿದ್ಯಾರ್ಥಿಗೂ ಬೇಸಿಗೆಯ ಏಳೆಂಟು ವಾರಗಳಲ್ಲಿ ಬಹಳಷ್ಟನ್ನು ಕೊಡಲು ಸಾಧ್ಯವೆಂದು 2004ರ ಅಧ್ಯಯನ ಸೂಚಿಸುತ್ತದೆ. ಅದನ್ನು ಕೊಡದಿರುವುದಕ್ಕೆ ದೂರದ ಊರಿನ ಹೆಸರು ಸಮರ್ಥನೆಯಾಗಲಾರದು.