ಗಾಜಿನ ಮನೆಯ ಗಿಡಗಳಿಗೆ ಮನೆಯವರಿಲ್ಲದಾಗ ನೀರುಣಿಕೆ

ವಾಸದ ಮನೆಗೆ ಹೊಂದಿಸಿ ಕಟ್ಟಿದ ಗಾಜಿನ ಕೋಣೆಗೆ ಇಂಗ್ಲೆಂಡಿನಲ್ಲಿ ಕನ್ಸರ್ವೇಟರಿ ಎನ್ನುತ್ತಾರೆ. ಅಲ್ಲಿ ಕುಂಡಗಳಲ್ಲಿ ಬೆಳೆಸಿದ ಗಿಡಗಳಿಗೆ, ನೋಡಿಕೊಳ್ಳುವವರು ಊರಲ್ಲಿಲ್ಲದ ದಿನಗಳಲ್ಲೂ ನೀರು ಸಿಗುವಂತೆ ಮಾಡುವ ಉಪಾಯಗಳ ಇತಿಹಾಸವನ್ನು ಈ ಲೇಖನ ಒಳಗೊಂಡಿದೆ. ನೆಲದಲ್ಲಿರುವ ಗಿಡ ಬೇರು ಚಾಚಿ ನೀರು ಹುಡುಕಿಕೊಳ್ಳಬಲ್ಲದು, ಕುಂಡದ ಗಿಡಕ್ಕೆ ಆ ದಾರಿಯಿಲ್ಲ. ಗಾಜಿನ ಮಾಡಿನ ಕೆಳಗೆ ಮಳೆ ಬೀಳುವುದಿಲ್ಲ, ಬಿಸಿಲು ಬಂದಾಗ ಒಳಗಿನ ಶಾಖ ಮಾತ್ರ ಹೊರಗಿಗಿಂತ ಬೇಗ ಏರುತ್ತದೆ. ಈ ವಿಷಯದ ಜನಪ್ರಿಯ ಬರಹಗಳಲ್ಲಿ ಎರಡು ಗೊಂದಲಗಳು ಮತ್ತೆ ಮತ್ತೆ ಕಾಣುತ್ತವೆ: ನೆಲದಲ್ಲಿ ಹೂತ ಮಡಕೆಯ ಪ್ರಾಚೀನತೆಯ ಬಗ್ಗೆ ಒಂದು, ಹನಿ ನೀರಾವರಿಯ ಜನಕ ಯಾರೆಂಬುದರ ಬಗ್ಗೆ ಇನ್ನೊಂದು. ಇವೆರಡರ ನಡುವೆ, ಕುಂಡಗಿಡದ ಮಟ್ಟಿಗೆ ಹೆಚ್ಚು ಮುಖ್ಯವಾದ 1908ರ ಒಂದು ಪ್ರಯೋಗ ಬಹುತೇಕ ಮರೆತುಹೋಗಿದೆ.

ಹೂತ ಮಡಕೆ

ಮೆರುಗು ಹಚ್ಚದ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿಸಿಟ್ಟರೆ, ಗಡಿಗೆಯ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಹೊರಗೆ ಜಿನುಗುತ್ತದೆ. ಸುತ್ತಲಿನ ಮಣ್ಣು ಒಣಗಿದಷ್ಟೂ ಹೀರಿಕೆ ಹೆಚ್ಚು, ಮಣ್ಣು ನೆನೆದಾಗ ಅದು ತಾನಾಗಿ ತಗ್ಗುತ್ತದೆ. ಸ್ಪ್ಯಾನಿಷ್ ಭಾಷೆಯ ‘ಓಯಾ’ ಎಂಬ ಹೆಸರಿನಲ್ಲಿ ಇಂದು ಮಾರಾಟವಾಗುವ ಈ ಮಡಕೆಗಳ ಜೊತೆಯ ಚೀಟಿಗಳಲ್ಲಿ ‘ನಾಲ್ಕು ಸಾವಿರ ವರ್ಷಗಳ ವಿದ್ಯೆ’, ‘ರೋಮನ್ನರ ವಿದ್ಯೆ’ ಎಂಬ ಮಾತುಗಳು ಆಧಾರ ಕೊಡದೆ ಅಚ್ಚಾಗುತ್ತವೆ. ಸ್ಪಷ್ಟವಾದ ಲಿಖಿತ ಸಾಕ್ಷ್ಯ ಇರುವುದು ಚೀನಾದಲ್ಲಿ. ಕ್ರಿ.ಪೂ. 1ನೆಯ ಶತಮಾನದಲ್ಲಿ, ಪಶ್ಚಿಮ ಹಾನ್ ಅರಸರ ಕಾಲದಲ್ಲಿದ್ದ ಫಾನ್ ಷೆಂಗ್‌ಚಿ ಎಂಬ ಕೃಷಿ ಲೇಖಕ ಸೋರೆ ಜಾತಿಯ ಹಣ್ಣಿನ ಬಳ್ಳಿಗಳಿಗೆ ಈ ವಿಧಾನವನ್ನು ಹೇಳಿದ್ದಾನೆ. ಗೊಬ್ಬರ ಬೆರೆಸಿದ ಗುಂಡಿಯ ನಡುವೆ ಸುಮಾರು 6 ಲೀಟರ್ ಹಿಡಿಯುವ ಗಡಿಗೆಯನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂಳಬೇಕು. ನಾಲ್ಕು ಬದಿಗೂ ಒಂದೊಂದು ಬೀಜ ಊರಿ, ಗಡಿಗೆಯ ಬಾಯಿಗೆ ಹೆಂಚು ಮುಚ್ಚಿ, ನೀರು ಇಳಿದಾಗಲೆಲ್ಲ ತುಂಬಬೇಕು. ಬಾಯಿ ಮುಚ್ಚುವ ಈ ಸಣ್ಣ ಸೂಚನೆ ಗಮನಾರ್ಹ, ಏಕೆಂದರೆ ನೀರು ಗಾಳಿಗೆ ಆವಿಯಾಗಿ ಹೋಗದೆ ಬೇರಿಗೇ ಸೇರುವುದು ಅದರಿಂದ.

ಆದರೆ ಈ ಸಾಕ್ಷ್ಯವೂ ನಮಗೆ ನೇರವಾಗಿ ಸಿಕ್ಕಿದ್ದಲ್ಲ. ಫಾನ್‌ನ ಮೂಲ ಗ್ರಂಥ ಕಳೆದುಹೋಗಿದ್ದು, 6ನೆಯ ಶತಮಾನದಲ್ಲಿ ಜಿಯಾ ಸಿಷಿಯೆ ಸಂಕಲಿಸಿದ ‘ಚಿಮಿನ್ ಯಾವೊಶು’ ಎಂಬ ಕೃಷಿಕೋಶದಲ್ಲಿ ಉದ್ಧರಿಸಿದ ಭಾಗಗಳಿಂದಲೇ ಅದನ್ನು ಮತ್ತೆ ಜೋಡಿಸಲಾಗಿದೆ. ಇದಕ್ಕಿಂತ ಹಿಂದಿನ ಕಾಲಮಾನ ಹೇಳುವವರು ಊಹೆಯ ಮೇಲೆ ಹೇಳುತ್ತಾರೆ. ಭಾರತದಲ್ಲಿ ಇದೇ ವಿಧಾನವನ್ನು 1970ರ ದಶಕದಲ್ಲಿ ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಲವಣಮಣ್ಣು ಸಂಶೋಧನ ಸಂಸ್ಥೆಯಲ್ಲಿ ಆರ್. ಸಿ. ಮಂಡಲ್ ಪರೀಕ್ಷೆಗೆ ಒಡ್ಡಿದರು. ಆಮೇಲೆ ಮಡಕೆ ನೀರಾವರಿ ಎಂಬ ಹೆಸರಿನಲ್ಲಿ ಅದು ಕೃಷಿ ಪ್ರಚಾರದ ಭಾಗವಾಯಿತು.

ಇನ್ನೊಂದು ಹಳೆಯ ಮಾದರಿಯನ್ನು ತೋಟಗಾರಿಕೆಯ ಚರಿತ್ರೆಗಳು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ವೈಶಾಖದ ಬಿಸಿಲಿನಲ್ಲಿ ಶಿವಲಿಂಗದ ಮೇಲೂ ತುಳಸಿಯ ಮೇಲೂ ತಳದಲ್ಲಿ ಸಣ್ಣ ತೂತಿರುವ ಪಾತ್ರೆಯನ್ನು ತೂಗುಹಾಕುವ ಪದ್ಧತಿ ಉಂಟು. ಸಂಸ್ಕೃತ ನಿಘಂಟುಗಳಲ್ಲಿ ‘ಗಲಂತಿಕಾ’ ಎಂದಿರುವ ಇದು ಕನ್ನಡದಲ್ಲಿ ಧಾರಾಪಾತ್ರೆ. ಉದ್ದೇಶ ಪೂಜೆಯದೇ ಆದರೂ ಕಟ್ಟೆಯ ತುಳಸಿಯ ಮಟ್ಟಿಗೆ ನಡೆಯುವುದು ಹನಿ ನೀರುಣಿಕೆಯೇ. ಬೆಳಗ್ಗೆ ಒಮ್ಮೆ ತುಂಬಿದರೆ ಉರಿಬಿಸಿಲಿನ ಹೊತ್ತಿನಲ್ಲಿ ಯಾರೂ ಬಳಿಯಿರಬೇಕಾಗಿಲ್ಲ.

ವಾರ್ಡ್ ಪೆಟ್ಟಿಗೆ

ಯುರೋಪಿನ ಸಿರಿವಂತರ ಕಿತ್ತಳೆ ಮನೆಗಳಲ್ಲಿ ನೀರುಣಿಸುವುದು ಆಳುಗಳ ಕೆಲಸವಾಗಿತ್ತು. 19ನೆಯ ಶತಮಾನದ ಆರಂಭದಲ್ಲಿ ಲಂಡನ್ ಬಳಿಯ ಹ್ಯಾಕ್ನಿಯಲ್ಲಿ ಲಾಡಿಜಸ್ ಕುಟುಂಬದ ನರ್ಸರಿಯವರು ತಾಳೆ ಮನೆಯ ಮಾಡಿನಡಿ ಸಣ್ಣ ತೂತುಗಳ ಕೊಳವೆ ಓಡಿಸಿ ಕೃತಕ ಮಳೆ ಸುರಿಸಿದರು. ಆದರೂ ಕೊಳವೆಯ ನಲ್ಲಿ ತಿರುಗಿಸಲು ಒಬ್ಬ ಬೇಕೇ ಬೇಕಿತ್ತು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾದ ಮೇಲೆ ಗಾಜಿನ ಮನೆ ಮಧ್ಯಮ ವರ್ಗದವರ ಕೈಗೂ ಎಟುಕಿತು.

ನೀರನ್ನೇ ಹಾಕದೆ ಗಿಡ ಉಳಿಸುವ ದಾರಿ ತೆರೆದದ್ದು ಲಂಡನ್ನಿನ ಪೂರ್ವ ಭಾಗದ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್. 1829ರಲ್ಲಿ ಆತ ಪತಂಗದ ಕೋಶವೊಂದನ್ನು ಒದ್ದೆ ಎಲೆಗೊಬ್ಬರದ ಜೊತೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದ್ದ. ಪತಂಗ ಹೊರಬರುವುದನ್ನು ಕಾಯುತ್ತಿದ್ದವನಿಗೆ ಕಂಡದ್ದು ಗೊಬ್ಬರದಿಂದ ಮೊಳೆತ ಒಂದು ಜರೀಗಿಡ ಮತ್ತು ಒಂದು ಹುಲ್ಲು. ಹಗಲು ಆವಿಯಾದ ನೀರು ಗಾಜಿನ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಹೊಗೆ ತುಂಬಿದ ಆ ಬಡಾವಣೆಯಲ್ಲಿ ಜರೀಗಿಡ ಬೆಳೆಸಲು ಹೋಗಿ ಸೋತಿದ್ದ ವಾರ್ಡ್‌ಗೆ ಇದರ ಬೆಲೆ ಕೂಡಲೇ ಹೊಳೆಯಿತು. ಒಮ್ಮೆಯೂ ನೀರು ಹಾಕದೆ ಆ ಗಿಡಗಳು ನಾಲ್ಕು ವರ್ಷಗಳ ಹತ್ತಿರ ಬದುಕಿದವು. ಕೊನೆಗೆ ಅವು ಸತ್ತದ್ದು ಬಾಯಾರಿಕೆಯಿಂದಲ್ಲ: ವಾರ್ಡ್ ಊರಲ್ಲಿಲ್ಲದಾಗ ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳನುಗ್ಗಿತ್ತು.

ವಿಧಾನದ ನಿಜವಾದ ಪರೀಕ್ಷೆ ಹಡಗಿನ ಮೇಲೆ ನಡೆಯಿತು. 1833ರಲ್ಲಿ ಲಾಡಿಜಸ್ ನರ್ಸರಿಯ ಸಹಕಾರದಿಂದ ಗಿಡ ತುಂಬಿ ಮುಚ್ಚಿದ ಎರಡು ಗಾಜಿನ ಪೆಟ್ಟಿಗೆಗಳು ಕ್ಯಾಪ್ಟನ್ ಚಾರ್ಲ್ಸ್ ಮಲ್ಲಾರ್ಡ್‌ನ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟವು. ಗಿಡಗಳು ಜೀವಂತವಾಗಿ ತಲುಪಿದವು. ಮರುವರ್ಷ ಅದೇ ಪೆಟ್ಟಿಗೆಗಳಲ್ಲಿ ಆಸ್ಟ್ರೇಲಿಯದ ಸಸ್ಯಗಳನ್ನು ತುಂಬಿ, ಕೇಪ್ ಹಾರ್ನ್ ಸುತ್ತಿ ಲಂಡನ್ನಿಗೆ ತರಲಾಯಿತು. ದಾರಿಯಲ್ಲಿ ಹಡಗಿನ ಅಟ್ಟದ ಮೇಲೆ ಹಿಮ ಬಿದ್ದರೂ ಗಿಡಗಳು ಉಳಿದವು. ಅದಕ್ಕೆ ಮುಂಚೆ, 1819ರಲ್ಲಿ, ಕ್ಯಾಂಟನ್ನಿನಲ್ಲಿದ್ದ ಜಾನ್ ಲಿವಿಂಗ್‌ಸ್ಟನ್ ಎಂಬ ವೈದ್ಯ ಚೀನಾದಿಂದ ಇಂಗ್ಲೆಂಡಿಗೆ ಒಂದು ಗಿಡ ಬದುಕಿ ತಲುಪುವಷ್ಟರಲ್ಲಿ ಸಾವಿರ ಗಿಡ ಸಾಯುತ್ತವೆ ಎಂದು ಅಂದಾಜಿಸಿದ್ದ. ಮುಂದೆ ಸಸ್ಯ ಸಂಗ್ರಾಹಕ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಗಿಡಗಳನ್ನು ಹಿಮಾಲಯದ ತಪ್ಪಲಿಗೆ ತಂದದ್ದು ಇದೇ ಪೆಟ್ಟಿಗೆಗಳಲ್ಲಿ. ಪೆಟ್ಟಿಗೆಯ ಮಣ್ಣಿನಲ್ಲೇ ಚಹಾ ಬೀಜ ಬಿತ್ತಿ, ದಾರಿಯುದ್ದಕ್ಕೂ ಮೊಳೆಯಲು ಬಿಡುವ ಉಪಾಯವನ್ನೂ ಆತ ಕಂಡುಕೊಂಡ.

ಆದ್ಯತೆಯ ಪ್ರಶ್ನೆಯೊಂದು ಇಲ್ಲಿಯೂ ಇದೆ. ಸ್ಕಾಟ್ಲೆಂಡಿನಲ್ಲಿ ಎ. ಎ. ಮಕಾನಕಿ ಎಂಬಾತ ಸುಮಾರು 1825ರಿಂದಲೇ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಸಸ್ಯ ಬೆಳೆಸಿದ್ದ. ಆದರೆ ಪ್ರಕಟಿಸಿರಲಿಲ್ಲ. ವಾರ್ಡ್ ಪ್ರಯೋಗ ಮಾಡಿದ್ದಲ್ಲದೆ ಪತ್ರ ಬರೆದು, ಪ್ರದರ್ಶಿಸಿ, 1842ರಲ್ಲಿ ಪುಸ್ತಕವನ್ನೂ ತಂದ. ಆದ್ದರಿಂದ ಪೆಟ್ಟಿಗೆಗೆ ಅವನ ಹೆಸರು ನಿಂತದ್ದು ಅನ್ಯಾಯವೆನ್ನಲಾಗದು. ಊರಿಗೆ ಹೊರಡುವ ಮುನ್ನ ಕುಂಡಕ್ಕೆ ಪಾಲಿಥೀನ್ ಚೀಲ ಕವುಚಿ ಬಾಯಿ ಕಟ್ಟುವ ಇಂದಿನ ರೂಢಿ ವಾರ್ಡ್‌ನ ತತ್ತ್ವವೇ. ನೇರ ಬಿಸಿಲಿನಲ್ಲಿಟ್ಟರೆ ಚೀಲದೊಳಗೆ ಗಿಡ ಬೇಯುತ್ತದೆ, ಕಳ್ಳಿ ಜಾತಿಯವು ಕೊಳೆಯುತ್ತವೆ.

ಆಳುಗಳಿಲ್ಲದ ಮನೆ

ತೋಟಗಾರಿಕೆಯ ಚರಿತ್ರೆಗಳು ಉಪಕರಣಗಳ ಮೇಲೆ ಕಣ್ಣಿಟ್ಟು ಒಂದು ಸಾಮಾಜಿಕ ತಿರುವನ್ನು ಬಿಟ್ಟುಬಿಡುತ್ತವೆ. ಗಾಜಿನ ಮನೆಯ ಪಕ್ಕದಲ್ಲೇ ಮಲಗಿ ರಾತ್ರಿಯೂ ಎದ್ದು ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಹುಡುಗರು ಇದ್ದಷ್ಟು ಕಾಲ, ಯಜಮಾನ ಊರಲ್ಲಿದ್ದಾನೋ ಇಲ್ಲವೋ ಗಿಡಕ್ಕೆ ವ್ಯತ್ಯಾಸವಾಗುತ್ತಿರಲಿಲ್ಲ. ಮೊದಲ ಮಹಾಯುದ್ಧ ಆ ಹುಡುಗರನ್ನು ಕರೆದೊಯ್ದಿತು. ಇಂಗ್ಲೆಂಡಿನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಚಾಟ್ಸ್‌ವರ್ತ್‌ನಲ್ಲಿ ಕಟ್ಟಿಸಿದ ಬೃಹತ್ ಗಾಜಿನ ಮನೆಗೆ ಯುದ್ಧಕಾಲದಲ್ಲಿ ಕಲ್ಲಿದ್ದಲೂ ಕೆಲಸಗಾರರೂ ಸಾಲದೆ ಗಿಡಗಳು ಸತ್ತವು. 1920ರಲ್ಲಿ ಕಟ್ಟಡವನ್ನೇ ಕೆಡವಲಾಯಿತು. 1938ರಲ್ಲಿ ಬ್ರಿಟನ್ನಿನಲ್ಲಿ ಸಂಬಳಸಹಿತ ರಜೆಯ ಕಾನೂನು ಬಂತು. ಮನೆಯಲ್ಲಿ ಆಳಿಲ್ಲ, ವರ್ಷಕ್ಕೊಮ್ಮೆ ಕಡಲತೀರಕ್ಕೆ ಹೋಗುವುದೂ ತಪ್ಪದು: ಈ ಲೇಖನದ ವಿಷಯ ಸಾಮಾನ್ಯ ಜನರ ಸಮಸ್ಯೆಯಾದದ್ದು ಇವೆರಡೂ ಕೂಡಿದಾಗ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ ಈ ಸಾಲಿಗೆ ಸೇರುವುದಿಲ್ಲ. 1889ರಲ್ಲಿ ಅಡಿಗಲ್ಲು ಹಾಕಿದ ಅದು ಫಲಪುಷ್ಪ ಪ್ರದರ್ಶನದ ಮಂಟಪ, ಯಾರ ಮನೆಗೂ ಅಂಟಿಕೊಂಡ ಕೋಣೆಯಲ್ಲ.

ಬತ್ತಿ, ಮರಳು, ಕಂಬಳಿ

ಎತ್ತರದಲ್ಲಿಟ್ಟ ಬಕೆಟ್ಟಿನಿಂದ ಕುಂಡಕ್ಕೆ ಉಣ್ಣೆಯ ದಾರ ಇಳಿಬಿಡುವುದು ವಿಕ್ಟೋರಿಯಾ ಕಾಲದ ಮನೆವಾರ್ತೆಯ ಉಪಾಯ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ದಾರ ನೀರನ್ನು ಒಯ್ಯುತ್ತದೆ. ದಾರವನ್ನು ಮೊದಲೇ ತೋಯಿಸಿರಬೇಕು, ಒಣ ಉಣ್ಣೆ ನೀರನ್ನು ಸುಲಭವಾಗಿ ಹತ್ತಿಸಿಕೊಳ್ಳುವುದಿಲ್ಲ. ಗಾಜಿನ ಮನೆಯಲ್ಲಿ ತಳದಿಂದ ನೀರುಣಿಸುವ ಪ್ರಯೋಗಗಳು 1890ರ ದಶಕದಲ್ಲಿ ಅಮೆರಿಕದ ಓಹಾಯೊ ಕೃಷಿ ಪ್ರಯೋಗ ಕೇಂದ್ರದಲ್ಲಿ ನಡೆದವು. ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಒದ್ದೆ ಮರಳು ಹರಡಿದ ಮೇಜುಗಳು ಬಂದವು, ಆಮೇಲೆ ಮರಳಿನ ಜಾಗಕ್ಕೆ ಕಂಬಳಿಯಂಥ ನೀರುಹಾಸು ಬಂತು.

ಇದು ಗೆದ್ದದ್ದಕ್ಕೆ ಕಾರಣ ಹಾಸಿಗಿಂತ ಹೆಚ್ಚಾಗಿ ಕುಂಡ. ಹಳೆಯ ಮಣ್ಣಿನ ಕುಂಡದ ತಳ ದಪ್ಪ. ಅದರ ತೂತಿನ ಮೇಲೆ ಹೆಂಚಿನ ಚೂರು ಇಡುವ ಪದ್ಧತಿಯೂ ಇದ್ದುದರಿಂದ ಒಳಮಣ್ಣು ಹಾಸಿಗೆ ತಾಗುತ್ತಿರಲಿಲ್ಲ. ತೂತಿನಲ್ಲಿ ಬತ್ತಿ ತುರುಕದಿದ್ದರೆ ನೀರು ಏರದು. ತೆಳು ತಳದ, ಹಲವು ತೂತುಗಳ ಪ್ಲಾಸ್ಟಿಕ್ ಕುಂಡಗಳಲ್ಲಿ ಮಣ್ಣು ನೇರವಾಗಿ ಹಾಸಿಗೆ ಕೂರುತ್ತದೆ. ಒಮ್ಮೆ ಮೇಲಿನಿಂದ ನೀರು ಹಾಕಿ ಕುಂಡವನ್ನು ಒತ್ತಿ ಕೂರಿಸಿದರೆ ನೀರಿನ ಎಳೆ ಕಡಿಯದೆ ನಿಲ್ಲುತ್ತದೆ. ಪಾಚಿ ಕಟ್ಟುವುದು, ಬೇರು ಹಾಸಿನೊಳಗೆ ಇಳಿಯುವುದು ಇದರ ಎರಡು ತೊಂದರೆಗಳು.

ಲಿವಿಂಗ್‌ಸ್ಟನ್ನನ ಬಟ್ಟಲು

ಹೂತ ಮಡಕೆ, ಬತ್ತಿ, ನೀರುಹಾಸುಗಳಲ್ಲಿ ಮಣ್ಣಿನ ಬಾಯಾರಿಕೆ ಇಷ್ಟೋ ಅಷ್ಟೋ ಲೆಕ್ಕಕ್ಕೆ ಬರುತ್ತದೆ. ಅದನ್ನೇ ನಿಯಂತ್ರಣದ ಕೀಲಿಯಾಗಿ ಮಾಡಿದವನು ಅಮೆರಿಕದ ಸಸ್ಯಶಾಸ್ತ್ರಜ್ಞ ಬರ್ಟನ್ ಎಡ್ವರ್ಡ್ ಲಿವಿಂಗ್‌ಸ್ಟನ್. ಕ್ಯಾಂಟನ್ನಿನ ವೈದ್ಯನಿಗೂ ಇವನಿಗೂ ಸಂಬಂಧವಿಲ್ಲ. ಅರಿಜೋನಾದ ಟೂಸಾನ್‌ನಲ್ಲಿದ್ದ ಮರುಭೂಮಿ ಪ್ರಯೋಗಾಲಯದಲ್ಲಿ ಆವಿಯಾಗುವಿಕೆ ಅಳೆಯಲು ಆತ ರಂಧ್ರಮಯ ಪಿಂಗಾಣಿಯ ಬಟ್ಟಲುಗಳನ್ನು ಬಳಸುತ್ತಿದ್ದ. 1908ರಲ್ಲಿ ಅಂಥದೇ ಬಟ್ಟಲನ್ನು ಕುಂಡದ ಮಣ್ಣಿನಲ್ಲಿ ಹುಗಿದು, ನೀರು ತುಂಬಿದ ಕೊಳವೆಯಿಂದ ಕೆಳಗಿನ ಸೀಸೆಗೆ ಜೋಡಿಸುವ ವಿಧಾನವನ್ನು ಪ್ರಕಟಿಸಿದ. ಸೀಸೆ ಕುಂಡಕ್ಕಿಂತ ಕೆಳಗಿರುವುದೇ ಇಲ್ಲಿನ ಮರ್ಮ. ನೀರು ತಾನಾಗಿ ಹರಿಯಲಾರದು, ಒಣಮಣ್ಣು ಎಳೆದರಷ್ಟೇ ಏರುತ್ತದೆ. ಸೀಸೆಯನ್ನು ಇನ್ನಷ್ಟು ಕೆಳಗಿಟ್ಟರೆ ಮಣ್ಣು ಇನ್ನಷ್ಟು ಒಣಗಿದ ಮೇಲೆಯೇ ನೀರು ಬರುತ್ತದೆ. 1910ರಲ್ಲಿ ಲಾನ್ ಹಾಕಿನ್ಸ್ ಇದನ್ನು ಕುಂಡಗಿಡಗಳಿಗೆ ತಾನಾಗಿ ನೀರುಣಿಸುವ ಸಾಧನವೆಂದೇ ವಿವರಿಸಿದ.

ಮಣ್ಣಿನ ತೇವದ ಸೆಳೆತವನ್ನು ಅಳೆಯುವ ಟೆನ್ಷಿಯೋಮೀಟರ್ ಇದೇ ಬಗೆಯ ಬಟ್ಟಲನ್ನು ನೆಚ್ಚಿಕೊಂಡಿದೆ. ಆಸ್ಟ್ರಿಯಾದಲ್ಲಿ ತಯಾರಾಗುವ ಬ್ಲೂಮಾಟ್ ಎಂಬ ಕ್ಯಾರೆಟ್ ಆಕಾರದ ಮಣ್ಣಿನ ಮೊಳೆಯ ತತ್ತ್ವವೂ ಇದೇ. ಅದರ ತೆಳು ನಳಿಕೆಯ ತುದಿಯನ್ನು ಪಕ್ಕದ ನೀರಿನ ಪಾತ್ರೆಯಲ್ಲಿ ಮುಳುಗಿಸಿದರೆ ಮುಗಿಯಿತು. ಮೊಳೆಯೊಳಗೆ ಗಾಳಿಗುಳ್ಳೆ ಉಳಿದಿದ್ದರೆ ಮಾತ್ರ ಸೆಳೆತ ಕಡಿದು, ಗಿಡ ಒಣಗುತ್ತದೆ. ನೀರು ತುಂಬಿದ ಬಾಟಲಿಯನ್ನು ತಲೆಕೆಳಗಾಗಿ ಕುಂಡಕ್ಕೆ ಚುಚ್ಚುವ, ಬೇಸಿಗೆ ರಜೆಯಲ್ಲಿ ನಮ್ಮ ಬಾಲ್ಕನಿಗಳಲ್ಲೂ ಕಾಣುವ ಉಪಾಯವನ್ನು ಇದರ ಜೊತೆ ಸೇರಿಸುವುದು ತಪ್ಪು. ಅಲ್ಲಿ ನೀರಿಳಿಯುವುದನ್ನು ತೀರ್ಮಾನಿಸುವುದು ಬಾಟಲಿಯೊಳಕ್ಕೆ ಗಾಳಿ ನುಗ್ಗುವ ವೇಗ. ಸಡಿಲ ಮಣ್ಣಿನಲ್ಲಿ ಬಾಟಲಿ ಬೇಗನೆ ಬರಿದಾಗುತ್ತದೆ, ಗಟ್ಟಿ ಮಣ್ಣಿನಲ್ಲಿ ಒಂದು ಹನಿಯೂ ಇಳಿಯದೆ ಇರಬಹುದು.

ಹನಿ ನಳಿಕೆಗಳು

ಹನಿ ನೀರಾವರಿ ಇಸ್ರೇಲಿನ ಮರುಭೂಮಿಯಲ್ಲಿ ಹುಟ್ಟಿತೆಂಬುದು ಪ್ರಚಲಿತ ಕಥೆ. ಸಿಂಖಾ ಬ್ಲಾಸ್ ಎಂಬ ಎಂಜಿನಿಯರ್ ರೂಪಿಸಿದ ಪ್ಲಾಸ್ಟಿಕ್ ಹನಿಸಾಧನವನ್ನು ತಯಾರಿಸಲು ಹಟ್ಜೆರಿಮ್ ಕಿಬ್ಬುಟ್ಜ್‌ನಲ್ಲಿ 1965ರಲ್ಲಿ ನೆಟಾಫಿಮ್ ಕಂಪನಿ ಸ್ಥಾಪನೆಯಾದದ್ದು ನಿಜ. ಬಯಲಿನ ಬೇಸಾಯಕ್ಕೆ ಅದು ದೊಡ್ಡ ತಿರುವು. ಆದರೆ ರಂಧ್ರಗಳಿರುವ ಕೊಳವೆಗಳಿಂದ ಬೇರಿಗೆ ನೀರುಣಿಸುವ ಪ್ರಯೋಗಗಳು ಜರ್ಮನಿಯಲ್ಲಿ 1860ರ ದಶಕದಲ್ಲೂ, ಅಮೆರಿಕದ ಕೊಲೊರಾಡೊದಲ್ಲಿ 1913ರಲ್ಲೂ ನಡೆದಿದ್ದವು. 1940ರ ದಶಕದ ಕೊನೆಗೆ ಇಂಗ್ಲೆಂಡಿನ ಗಾಜಿನ ಮನೆಗಳಲ್ಲಿ ಹನಿ ನೀರುಣಿಕೆ ಬಳಕೆಗೆ ಬಂದಿತ್ತು. ಕುಂಡಗಿಡದ ಇತಿಹಾಸ ಬರೆಯುವಾಗ ಗಾಜಿನ ಮನೆಯ ಈ ಕವಲನ್ನು ಮೊದಲು ಹೇಳುವುದು ಸರಿ. ಮುಖ್ಯ ಕೊಳವೆಯಿಂದ ಪ್ರತಿ ಕುಂಡಕ್ಕೂ ಶಾವಿಗೆಯಷ್ಟು ತೆಳುವಾದ ನಳಿಕೆ ಹೋಗುವ ವ್ಯವಸ್ಥೆ ಬೆಳೆದದ್ದು ಹೂಗಿಡ ಮಾರುವವರ ಗಾಜಿನ ಮನೆಗಳಲ್ಲಿ.

ಮನೆಬಳಕೆಗೆ ಅದು ಇಳಿದು ಬಂದದ್ದು ಬ್ಯಾಟರಿ ಟೈಮರ್ ಮತ್ತು ಪುಟ್ಟ ಪಂಪುಗಳ ಜೊತೆ. ಜರ್ಮನಿಯ ಗಾರ್ಡೆನಾ ಕಂಪನಿಯ ರಜಾಕಾಲದ ಸೆಟ್‌ನಲ್ಲಿ ನೀರಿನ ತೊಟ್ಟಿಯೊಳಗೆ ಮುಳುಗಿಸಿಟ್ಟ ಪಂಪು ದಿನಕ್ಕೊಮ್ಮೆ ಒಂದು ನಿಮಿಷ ಓಡಿ ಹಲವಾರು ಕುಂಡಗಳಿಗೆ ನೀರು ಹಂಚುತ್ತದೆ. ಮೊಬೈಲಿಗೆ ಸುದ್ದಿ ಕಳಿಸುವ ತೇವಮಾಪಕಗಳು ಈಚಿನವು, ಅವುಗಳಲ್ಲಿ ಹೊಸ ತತ್ತ್ವವೇನೂ ಇಲ್ಲ. ಟೈಮರ್ ಗಡಿಯಾರವನ್ನು ಮಾತ್ರ ನೋಡುತ್ತದೆ. ಮೋಡ ಕವಿದ ವಾರದಲ್ಲೂ ಅಷ್ಟೇ ನೀರು ಹರಿಸುವುದರಿಂದ ಬೇರು ಕೊಳೆಯುವ ಪ್ರಸಂಗ ಇದರಲ್ಲೇ ಹೆಚ್ಚು. ಆದರೂ ಇಂಗ್ಲೆಂಡಿನ ನೀರು ಕಂಪನಿಗಳು 2012 ಮತ್ತು 2022ರ ಬರಗಾಲದಲ್ಲಿ ತೋಟಕ್ಕೆ ಪೈಪಿನಿಂದ ನೀರು ಬಿಡುವುದನ್ನು ನಿಷೇಧಿಸಿದಾಗ, ಟೈಮರ್ ಮತ್ತು ಒತ್ತಡ ತಗ್ಗಿಸುವ ಕವಾಟವಿರುವ ಹನಿ ವ್ಯವಸ್ಥೆಗಳಿಗೆ ಅನೇಕ ಕಡೆ ವಿನಾಯಿತಿ ಕೊಟ್ಟವು.